ಯಾವ ಕಣ್ಣಿನ ಬಣ್ಣ?

ವಾದ್ಯವೊಂದಕ್ಕೆ ಬಣ್ಣ ಆರಿಸುವುದರಲ್ಲಿ ಸರಿ ತಪ್ಪು ಎಂಬುದು ಉಂಟೇ? ಉಂಟು ಎಂದು ನನಗೆ ಅನ್ನಿಸುತ್ತದೆ. ಹಾಗೆ ಯಾಕೆ ಅನ್ನಿಸುತ್ತದೆ ಎಂದು ನೋಡುವುದೇ ಈ ಬರಹದ ಕೆಲಸ.

ನಮ್ಮ ಕಡೆಯ ವಾದ್ಯಗಳಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಚೆಂಡೆ ಮಾಡಿಸಲು ಹೋದವನನ್ನು ಯಾರೂ ಬಣ್ಣ ಯಾವುದು ಎಂದು ಕೇಳುವುದಿಲ್ಲ. ಹಲಸಿನ ಮರಕ್ಕೆ ಯಾವ ಬಣ್ಣವೋ ಚೆಂಡೆಗೂ ಅದೇ. ವೀಣೆಗೂ ಹೆಚ್ಚುಕಡಿಮೆ ಹಾಗೆಯೇ. ಮದ್ದಲೆಯ ಕರ್ಣ ಕಪ್ಪಾಗಿರುವುದು ಅದರೊಳಗಿನ ಕಬ್ಬಿಣದ ಹುಡಿಯಿಂದ, ನಾದಕ್ಕಾಗಿ. ಚಂದಕ್ಕೆಂದು ಯಾರೂ ಅದನ್ನು ಬಳಿದದ್ದಲ್ಲ. ಇಲೆಕ್ಟ್ರಿಕ್ ಗಿಟಾರ್ ಮಾತ್ರ ಹುಟ್ಟಿದ ಸ್ವಲ್ಪ ಕಾಲದಲ್ಲೇ ಬಣ್ಣದ ಪಟ್ಟಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಬಂದ ವಾದ್ಯ.

ನಾನು 1982ರಿಂದ ಹದಿನಾಲ್ಕು ವರ್ಷ ಕಾಸರಗೋಡು, ಮಂಗಳೂರು ಕಡೆಯ ಗಾನಮೇಳಗಳಲ್ಲಿ ಗಿಟಾರ್ ನುಡಿಸಿದವನು. ಹಗಲು ಬ್ಯಾಂಕಿನಲ್ಲಿ ಲೆಡ್ಜರ್, ರಾತ್ರಿ ಉತ್ಸವದ ಗದ್ದೆಯಲ್ಲಿ ಪಿ. ಸುಶೀಲ, ಯೇಸುದಾಸರ ಹಾಡುಗಳಿಗೆ ಹಿನ್ನೆಲೆ. ಅಷ್ಟು ವರ್ಷಗಳಲ್ಲಿ ಒಂದು ಗಿಟಾರೂ ನನ್ನದಾಗಿರಲಿಲ್ಲ. ಎಲ್ಲವೂ ತಂಡದ್ದು, ಕೈಗೆ ಬಂದದ್ದೇ ಬಣ್ಣ. ಒಂದಂತೂ ಮೊದಲು ಏನು ಬಣ್ಣದ್ದಾಗಿತ್ತು ಎಂದು ಹೇಳಲು ತಂಡದ ಯಜಮಾನನಿಗೂ ಬರುತ್ತಿರಲಿಲ್ಲ. ನಿವೃತ್ತನಾದ ಮೇಲೆ ಬಂದ ಹಣದಲ್ಲಿ ಒಂದು ಪಾಲನ್ನು ಮನೆಯವಳ ಒಪ್ಪಿಗೆ ಪಡೆದು ತೆಗೆದಿಟ್ಟು, ಬೆಂಗಳೂರಿನಲ್ಲಿ ಕೈಯಿಂದಲೇ ಗಿಟಾರ್ ಮಾಡಿಕೊಡುವ ಒಬ್ಬರಿಗೆ ಬರೆದೆ. ಅವರು ಒಂದು ಫಾರಂ ಕಳುಹಿಸಿದರು. ಮೈಗೆ ಯಾವ ಮರ, ಕತ್ತಿನ ದಪ್ಪ ಎಷ್ಟು, ಎಷ್ಟು ಪಿಕಪ್, ಮೆಟ್ಟಿಲುಗಳ ತಂತಿ ಸಪೂರವೋ ತೋರವೋ, ಎಲ್ಲಕ್ಕೂ ಒಂದೇ ಸಂಜೆಯಲ್ಲಿ ಉತ್ತರ ಬರೆದೆ. ಬೆರಳು ಓಡಾಡುವ ಪಟ್ಟಿಗೆ ಬೀಟೆ ಮರವೆಂದು ಬರೆದಾಗ ಒಂದು ಬಗೆಯ ಸಂತೋಷವೂ ಆಯಿತು. ಲೋಕದ ಎಷ್ಟೋ ಗಿಟಾರ್‌ಗಳ ಆ ಪಟ್ಟಿ ನಮ್ಮ ಘಟ್ಟದ ಕಡೆಯ ಮರವೇ. ಅದಕ್ಕೆ ಸಾಮಾನ್ಯವಾಗಿ ಬಣ್ಣವನ್ನೂ ಬಳಿಯುವುದಿಲ್ಲ. ಕೊನೆಗೆ ಉಳಿದದ್ದು ಒಂದೇ ಕಾಲಂ, ಬಣ್ಣ. ಅದು ನಲವತ್ತು ದಿನ ಖಾಲಿ ಇತ್ತು.

ಯಾಕೆಂದರೆ ಮಿಕ್ಕವಕ್ಕೆಲ್ಲ ಕಾರಣವಿತ್ತು. ನನ್ನ ಅಂಗೈ ಚಿಕ್ಕದು, ಆದುದರಿಂದ ಸಪೂರ ಕತ್ತು. ಬಣ್ಣಕ್ಕೆ ಅಂಥ ಕಾರಣ ಹುಡುಕಿದರೂ ಸಿಗದು. ತಂತಿಯ ಕೆಳಗೆ ಕೂತಿರುವ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಹಿಡಿಯುವುದು ಉಕ್ಕಿನ ತಂತಿಯ ನಡುಕವನ್ನು. ಮರದ ಮೈ ಕೆಂಪೋ ಹಸುರೋ ಎಂಬುದು ಅದಕ್ಕೆ ತಿಳಿಯುವ ಹಾಗಿಲ್ಲ. ಜರ್ಮನಿಯ ಕಾಂಟ್ 1790ರ ತನ್ನ ಗ್ರಂಥದಲ್ಲಿ, ಚಿತ್ರಕಲೆಯ ಸೌಂದರ್ಯಕ್ಕೆ ಮುಖ್ಯವಾದದ್ದು ರೇಖೆ, ಬಣ್ಣ ಬರಿಯ ಆಕರ್ಷಣೆ ಎಂದು ವಾದಿಸಿದ. ಗಿಟಾರಿನ ಮಟ್ಟಿಗೆ ಕಾಂಟನ ಮಾತು ಅಕ್ಷರಶಃ ನಿಜ: ಆಕಾರ ಬದಲಾದರೆ ಮಡಿಲಲ್ಲಿ ಕೂರುವ ರೀತಿ ಬದಲಾಗುತ್ತದೆ, ಬಣ್ಣ ಬದಲಾದರೆ ಏನೂ ಆಗುವುದಿಲ್ಲ. ಹಾಗಿದ್ದೂ ಗಿಟಾರ್ ನುಡಿಸುವವರು ಬಣ್ಣದ ವಿಷಯದಲ್ಲಿ ಜಗಳಾಡುವಷ್ಟು ಮರದ ವಿಷಯದಲ್ಲಿ ಆಡುವುದಿಲ್ಲ.

ನಮ್ಮವರು ಕಾಂಟನಷ್ಟು ಸುಲಭದಲ್ಲಿ ಬಣ್ಣವನ್ನು ಹೊರಗೆ ನಿಲ್ಲಿಸಲಿಲ್ಲ. ರಾಗ ಎಂಬ ಪದ ಹುಟ್ಟಿದ್ದೇ ಬಣ್ಣ ಹಚ್ಚು ಎಂಬ ಅರ್ಥದ ಧಾತುವಿನಿಂದ. ಮನಸ್ಸಿಗೆ ಬಣ್ಣ ಹಚ್ಚುವುದೇ ರಾಗವೆಂಬುದು ಮತಂಗನ ಬೃಹದ್ದೇಶಿಯ ಕಾಲದಿಂದ ನಡೆದುಬಂದ ವಿವರಣೆ. ವರ್ಣವೆಂದರೆ ಬಣ್ಣ, ಅಕ್ಷರವೂ ವರ್ಣ, ಸಂಗೀತ ಕಲಿಯುವವರು ಗೀತೆಯ ನಂತರ ಹಾಡುವುದೂ ವರ್ಣ. ಮನುಷ್ಯರನ್ನು ಮೇಲೆ ಕೆಳಗೆ ಇಟ್ಟದ್ದೂ ಅದೇ ಪದ ಎಂಬುದನ್ನು ಮರೆಯದಿರುವುದು ಒಳ್ಳೆಯದು. ವರ್ಣದಿಂದ ಕನ್ನಡದ ಬಣ್ಣ ಬಂತು. ಈ ಮಾತನ್ನು ನಾನು ನೆರೆಯ ನಿವೃತ್ತ ಮಲಯಾಳ ಮಾಷ್ ಒಬ್ಬರಲ್ಲಿ ಹೇಳಿದಾಗ ಅವರು ನಕ್ಕು, "ನಮ್ಮಲ್ಲಿ ವಣ್ಣಂ ಎಂದರೆ ದಪ್ಪ ಮಾರಾಯರೇ, ಬಣ್ಣಕ್ಕೆ ನಾವು ನಿರಂ ಎನ್ನುವುದು. ನೀವು ಬಣ್ಣ ಬಣ್ಣ ಎನ್ನುವಾಗೆಲ್ಲ ನನಗೆ ನಿಮ್ಮ ಹೊಟ್ಟೆ ನೆನಪಾಗುತ್ತದೆ" ಎಂದರು. ಹೊಟ್ಟೆಯ ಮಾತು ಇರಲಿ. ಗಿಟಾರಿನ ವಿಷಯದಲ್ಲಿ ಎರಡು ಭಾಷೆಗಳೂ ಸೇರಿ ಒಂದು ಸತ್ಯವನ್ನೇ ಹೇಳುತ್ತವೆ. ಅಮೆರಿಕದ ಫೆಂಡರ್ ಕಂಪೆನಿ 1960ರ ದಶಕದ ಕೊನೆಯಲ್ಲಿ ತೆಳ್ಳನೆಯ ಲ್ಯಾಕರ್ ಬಿಟ್ಟು ದಪ್ಪನೆಯ ಪಾಲಿಯೆಸ್ಟರ್ ಲೇಪಕ್ಕೆ ತಿರುಗಿದಾಗ ನುಡಿಸುವವರು ದೂರಿದ್ದು ನಿರಂ ಬಗ್ಗೆ ಅಲ್ಲ, ವಣ್ಣಂ ಬಗ್ಗೆ.

ಹೀಗೆ ಆರಿಸುವ ಸ್ವಾತಂತ್ರ್ಯ ನಮಗೆ ಬಂದದ್ದಾದರೂ ಎಲ್ಲಿಂದ? ಅದರ ಕತೆ ರಸಾಯನಶಾಸ್ತ್ರದ್ದು. ಫೋರ್ಡನ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಆ ಕಾಲದಲ್ಲಿ ಬೇರೆ ಬಣ್ಣದ ಕಾರುಗಳ ಲೇಪ ಪೂರ್ತಿ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. 1923ರಲ್ಲಿ ಡುಪಾಂಟ್ ಕಂಪೆನಿಯ ಡ್ಯೂಕೊ ಎಂಬ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರಿನ ಮೇಲೆ ಬಂತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಈ ನೈಟ್ರೊಸೆಲ್ಯುಲೋಸ್ ಕೋವಿಯ ಮದ್ದಿನ ಒಡಹುಟ್ಟು. 1927ರಲ್ಲಿ ಜನರಲ್ ಮೋಟರ್ಸ್ ಬಣ್ಣಕ್ಕೂ ಚಂದಕ್ಕೂ ಬೇರೆಯೇ ಒಂದು ವಿಭಾಗ ತೆರೆಯಿತು. ಹಳೆಯ ಕಾರು ಇನ್ನೂ ಓಡುತ್ತಿರುವಾಗಲೇ ಹೊಸತು ಬೇಕೆನಿಸುವ ಹಾಗೆ ಮಾಡುವುದನ್ನು ಆಗ ಕಲಿತರು.

ಮುಂದೆ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಲಿಯೊ ಫೆಂಡರ್ ಗಿಟಾರ್ ಮಾಡತೊಡಗಿದಾಗ ಬಳಿಯಲು ಸಿಕ್ಕಿದ್ದು ಇದೇ ಕಾರಿನ ಬಣ್ಣ. (ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.) ಪಟ್ಟಿಯಲ್ಲಿಲ್ಲದ ಬಣ್ಣ ಬೇಕಾದವರು ಬೆಲೆಯ ಮೇಲೆ ನೂರಕ್ಕೆ 5 ಹೆಚ್ಚು ಕೊಡಬೇಕಾಗಿತ್ತು. ಫಿಯೆಸ್ಟಾ ರೆಡ್ ಎಂದರೆ 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಕೆಂಪು. ಸಾನಿಕ್ ಬ್ಲೂ ಅದೇ ವರ್ಷದ ಕ್ಯಾಡಿಲಾಕ್‌ನ ತಿಳಿನೀಲಿ. ಗಿಬ್ಸನ್ ಕಂಪೆನಿಯಂತೂ 1963ರ ಫೈರ್‌ಬರ್ಡ್ ಗಿಟಾರಿನ ಆಕಾರ ಬರೆಯಲು ರೇ ಡೀಟ್ರಿಕ್ ಎಂಬ ಕಾರಿನ ವಿನ್ಯಾಸಕಾರನನ್ನೇ ಕರೆಸಿ, ಹತ್ತು ವಿಶೇಷ ಬಣ್ಣಗಳ ಪಟ್ಟಿಯನ್ನು ಜೊತೆಗೆ ಕೊಟ್ಟಿತು. ಅಂದರೆ ಇವತ್ತು ಒಬ್ಬ ಹುಡುಗ "ಇದು ನನ್ನ ಮನಸ್ಸಿನ ಬಣ್ಣ" ಎಂದು ಬೆರಳಿಡುವುದು ಎಷ್ಟೋ ಸಲ, ಯಾವುದೋ ವರ್ಷ ಯಾವುದೋ ಕಾರು ಮಾರಲು ಬೆರೆಸಿದ ಬಣ್ಣದ ಮೇಲೆ.

ನನ್ನ ಕತೆ ಇದಕ್ಕಿಂತ ಬೇರೆಯಲ್ಲ. ಮೊದಲ ದಿನದಿಂದಲೂ ನನ್ನ ಕೈ ಫಿಯೆಸ್ಟಾ ರೆಡ್ ಎಂದು ಬರೆಯಲು ಹೊರಟಿತ್ತು. ನನ್ನ ಕಾಲದ ಗಿಟಾರ್ ಕಲಿಯುವವರೆಲ್ಲ ಶ್ಯಾಡೋಸ್ ತಂಡದ 1960ರ ಅಪಾಚೆ ನುಡಿಸಿಯೇ ಬೆರಳು ಪಳಗಿಸಿಕೊಂಡವರು. ಅದನ್ನು ನುಡಿಸಿದ ಹ್ಯಾಂಕ್ ಮಾರ್ವಿನ್‌ನ ಗಿಟಾರ್ ಆ ಕೆಂಪಿನದ್ದು. ಕ್ಲಿಫ್ ರಿಚರ್ಡ್ 1959ರಲ್ಲಿ ಅವನಿಗಾಗಿ ಅಮೆರಿಕದಿಂದ ತರಿಸಿಕೊಟ್ಟದ್ದು. ಅದರ ಚಿತ್ರವನ್ನು ನಾನು ಮೊದಲು ಕಂಡದ್ದು ಒಂದು ಹಳೆಯ ಪತ್ರಿಕೆಯಲ್ಲಿ. ಚಿತ್ರ ಕಪ್ಪು-ಬಿಳುಪು! ಅದು ಕೆಂಪೆಂದು ಹೇಳಿದವನು ತಂಡದ ಹಿರಿಯ ಗಿಟಾರ್‌ವಾದಕ. ಅವನಿಗೆ ಹೇಳಿದವರು ಇನ್ನಾರೋ. ನಲವತ್ತು ವರ್ಷ ನಾನು ಮನಸ್ಸಿನಲ್ಲಿಟ್ಟುಕೊಂಡ ಕೆಂಪು ಕಣ್ಣಿನಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು.

ಇದರಿಂದ ನನ್ನ ಆಸೆ ಸುಳ್ಳಾಯಿತೆ? ಕೆಲವರು ಹಾಗೆ ಹೇಳಿಯಾರು. ಬೇರೆಯವರು ಕೊಟ್ಟ ಆಸೆ ನಿನ್ನದಲ್ಲ, ಅದನ್ನೆಲ್ಲ ತೊಳೆದು ಉಳಿದದ್ದನ್ನು ಆರಿಸು ಎಂದು. ತೊಳೆಯುತ್ತಾ ಹೋದರೆ ಏನೂ ಉಳಿಯುವುದಿಲ್ಲ ಎಂಬುದು ನನ್ನ ಅನುಭವ. ಮಾತು ನನಗೆ ತಾಯಿಯಿಂದ ಬಂತು, ಮಲಯಾಳ ಶಾಲೆಯ ಅಂಗಳದಿಂದ, ಅಪಾಚೆ ಒಂದು ಸವೆದ ರೆಕಾರ್ಡಿನಿಂದ. ಬಂದ ದಾರಿ ಬೇರೆಯವರದ್ದಾದರೂ ಇಷ್ಟು ಕಾಲ ಇಟ್ಟುಕೊಂಡು ಸಾಕಿದವನು ನಾನೇ. ಆಸೆ ಎಲ್ಲಿಂದ ಬಂತು ಎಂದು ಕೇಳುವುದಕ್ಕಿಂತ ಅದಕ್ಕೆ ಈಗ ಬೆಲೆ ತೆರುವವರು ಯಾರು ಎಂದು ಕೇಳುವುದರಲ್ಲಿ ಹೆಚ್ಚು ಅರ್ಥವಿದೆ. ಆ ವಿಷಯಕ್ಕೆ ಬರುತ್ತೇನೆ.

ಅದಕ್ಕೆ ಮೊದಲು ಮುಚ್ಚುವ ಪ್ರಶ್ನೆ. ಗಟ್ಟಿ ಬಣ್ಣ ಬಳಿದರೆ ಮರ ಕಾಣುವುದಿಲ್ಲ. ಎರಡು ಮೂರು ತುಂಡು ಅಂಟಿಸಿ ಮಾಡಿದ್ದರೂ ಗೊತ್ತಾಗದು. ಪಾರದರ್ಶಕ ಲೇಪವಾದರೆ ಮರದ ನೂಲು, ಗಂಟು, ಜೋಡಣೆ ಎಲ್ಲವೂ ತೋರುತ್ತದೆ. ಆದುದರಿಂದ ಬಣ್ಣವಿಲ್ಲದ್ದೇ ಪ್ರಾಮಾಣಿಕ ಎಂಬ ವಾದವೊಂದಿದೆ. ಕನ್ನಡದ ನುಡಿಗಟ್ಟುಗಳೂ ಅದರ ಪಕ್ಷವೇ: ಬಣ್ಣದ ಮಾತು, ಬಣ್ಣ ಬಯಲಾಗುವುದು. ನನಗೆ ಮಾತ್ರ ಈ ವಾದ ಯಾವತ್ತೂ ಹಿಡಿಸಿದ್ದಿಲ್ಲ. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿ ಮತ್ತು ಸುಣ್ಣದ ಚುಟ್ಟಿಯನ್ನು ಗಂಟೆಗಟ್ಟಲೆ ಕೂತು ಮುಖದ ಮೇಲೆ ಏರಿಸುತ್ತಾರಲ್ಲ, ಅವರು ಯಾರನ್ನು ಮೋಸ ಮಾಡುತ್ತಿದ್ದಾರೆ? ತೆಯ್ಯದ ಮುಖಕ್ಕೆ ಬಣ್ಣ ಹಾಕುವುದನ್ನು ಮಲಯಾಳದಲ್ಲಿ ಮುಖತ್ತೆಳುತ್ತ್ ಎನ್ನುತ್ತಾರೆ, ಮುಖದ ಬರವಣಿಗೆ. ಬರೆದು ಮುಗಿದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡಾಗ ಅಲ್ಲಿ ಕಾಣುವುದು ದೈವ. ಅಲ್ಲಿಯವರೆಗೆ ಇಲ್ಲದೆ ಇದ್ದದ್ದು ಬಣ್ಣದಿಂದ ಹೊರಗೆ ಬರುತ್ತದೆ. ಮುಚ್ಚುವುದು ತಪ್ಪಾಗುವುದು, ಮುಚ್ಚಿದ್ದನ್ನು ಇಲ್ಲವೆಂದು ಹೇಳಿ ಮಾರಿದಾಗ. ನನ್ನ ಗಿಟಾರಿನ ಮೈ ಎರಡು ತುಂಡಿನದ್ದು ಎಂದು ಮಾಡುವವರು ಮೊದಲೇ ಬರೆದು ಕೊಟ್ಟಿದ್ದಾರೆ. ಹಾಗಿರುವಾಗ ಬಣ್ಣದ ಕೆಳಗೆ ಅದು ಸುಖವಾಗಿ ಇರಲಿ.

ನಡುವೆ ಒಂದು ತಮಾಷೆ. ಸೂರ್ಯನ ಹೊಳಪಿನಂತೆ ನಡುವೆ ಹಳದಿ, ಸುತ್ತ ಕೆಂಪು, ಅಂಚಿನಲ್ಲಿ ಕಪ್ಪು ಇರುವ ಸನ್‌ಬರ್ಸ್ಟ್ ಎಂಬುದನ್ನು ಒಂದು ಬಣ್ಣ ಎಂದು ಬರೆಯಬಹುದೇ? ಕಾಲಂನಲ್ಲಿ ಒಂದೇ ಬಣ್ಣ ಕೇಳಿದ್ದರು. ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ರೂಪ ಏಳು ವಿಧ: ಬಿಳಿ, ನೀಲಿ, ಹಳದಿ, ಕೆಂಪು, ಹಸುರು, ಕಪಿಶ, ಮತ್ತೆ ಚಿತ್ರ. ಹಲವು ಬಣ್ಣ ಸೇರಿದ ಬಟ್ಟೆಯ ಬಣ್ಣ ಒಂದೋ ಹಲವೋ ಎಂದು ನೈಯಾಯಿಕರು ತಲೆ ಕೆಡಿಸಿಕೊಂಡು, ಅದು ಚಿತ್ರವೆಂಬ ಒಂದೇ ಬಣ್ಣ ಎಂದು ತೀರ್ಮಾನಿಸಿದ್ದರು. ಗಿಟಾರ್ ಅಂಗಡಿಯವರು ತರ್ಕಶಾಸ್ತ್ರ ಓದದೆಯೇ ಅದೇ ತೀರ್ಮಾನಕ್ಕೆ ಬಂದಿದ್ದಾರೆ.

ಹೆಚ್ಚು ಗಂಭೀರವಾದದ್ದು ಬಣ್ಣಕ್ಕೆ ವಯಸ್ಸಾಗುವ ವಿಷಯ. ಹಳೆಯ ಲ್ಯಾಕರ್ ಕಾಲಕ್ರಮದಲ್ಲಿ ಹಳದಿಗೆ ತಿರುಗುತ್ತದೆ, ಸಪೂರ ಗೆರೆ ಬಿಟ್ಟು ಬಿರಿಯುತ್ತದೆ. ಬಿಳಿ ಕೆನೆಯಾಗುತ್ತದೆ, ನೀಲಿಯ ಮೇಲೆ ಹಳದಿ ಕೂತು ಹಸುರಾಗುತ್ತದೆ. 1958ರಿಂದ 1960ರವರೆಗಿನ ಗಿಬ್ಸನ್ ಲೆಸ್ ಪಾಲ್ ಗಿಟಾರ್‌ಗಳಲ್ಲಿ ಬಳಸಿದ ಕೆಂಪು ಬೆಳಕಿಗೆ ನಿಲ್ಲದೆ ಮಾಸಿತು. ಕಾರ್ಖಾನೆಯ ಲೆಕ್ಕದಲ್ಲಿ ಅದು ದೋಷ. ಇವತ್ತು ಹಾಗೆ ಮಾಸಿದವೇ ಎಲ್ಲಕ್ಕಿಂತ ದುಬಾರಿ, ಒಂದರಂತೆ ಒಂದಿಲ್ಲ. ಮಾಸಿದ್ದನ್ನು ಕೆರೆದು ಹೊಸ ಬಣ್ಣ ಹೊಡೆಸಿದರೆ ಬೆಲೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಐರ್ಲೆಂಡಿನ ರೋರಿ ಗ್ಯಾಲಘರ್‌ನ 1961ರ ಗಿಟಾರಿನ ಬಣ್ಣವನ್ನು ಅವನ ಬೆವರೇ ತಿಂದುಹಾಕಿ ಕೊನೆಗೆ ಬಹುಪಾಲು ಬರಿ ಮರವೇ ಉಳಿಯಿತು. ಇದನ್ನೆಲ್ಲ ನೋಡಿ 1995ರಲ್ಲಿ ಫೆಂಡರ್‌ನವರು ಹೊಸ ಗಿಟಾರನ್ನೇ ಉಜ್ಜಿ, ತರಚಿ, ಹಳತು ಮಾಡಿ ಹೆಚ್ಚು ಬೆಲೆಗೆ ಮಾರತೊಡಗಿದರು. ನನ್ನ ಫಾರಂನಲ್ಲೂ ಆ ಅವಕಾಶವಿತ್ತು: ಸ್ವಲ್ಪ ಸವೆತ, ಮಧ್ಯಮ, ಹೆಚ್ಚು. ನನ್ನಂಥವನಿಗೆ ಆಸೆಯಾಗದೆ ಇರದು, ಇಪ್ಪತ್ತು ವರ್ಷ ಕಾಯಲು ಸಮಯವಿಲ್ಲ. ಆದರೂ ಅದು ನನಗೆ ಬೇಡವೆನಿಸಿತು. ಬೇರೆ ಯಾರದೋ ಯಂತ್ರ ಉಜ್ಜಿದ ಜಾಗದಲ್ಲಿ ನನ್ನ ಮೊಣಕೈ ಇಟ್ಟು ಕೂರುವುದೆಂದರೆ, ಕಾಲಿಡದ ಊರಿನ ಧೂಳನ್ನು ಚಪ್ಪಲಿಗೆ ಬಳಿದುಕೊಂಡ ಹಾಗೆ.

ಅಷ್ಟರಲ್ಲಿ ಮಾಡುವವರು ಬಣ್ಣದ ಮಾದರಿಗಳನ್ನು ಸಣ್ಣ ಮರದ ತುಂಡುಗಳಿಗೆ ಬಳಿದು ಅಂಚೆಯಲ್ಲಿ ಕಳುಹಿಸಿದರು. ಇಲ್ಲಿ ನನ್ನ ಕಣ್ಣಿನ ವಿಷಯ ಹೇಳಬೇಕು. ಕಳೆದ ವರ್ಷ ಬಲಗಣ್ಣಿನ ಪೊರೆ ತೆಗೆಸಿ ಹೊಸ ಮಸೂರ ಹಾಕಿಸಿದ್ದೇನೆ. ಎಡಗಣ್ಣಿನದು ಇನ್ನೂ ಬಾಕಿ. ವಯಸ್ಸಾದ ಹಾಗೆ ಕಣ್ಣಿನ ಮಸೂರವೂ ಲ್ಯಾಕರಿನ ಹಾಗೆಯೇ ಹಳದಿಯಾಗಿ ನೀಲಿ ಬೆಳಕನ್ನು ತಡೆಯುತ್ತದೆ. ಚಿತ್ರಕಾರ ಮೋನೆಗೂ ಹೀಗೇ ಆಗಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾದದ್ದು 1923ರಲ್ಲಿ, ಡ್ಯೂಕೊ ಬಂದ ವರ್ಷವೇ. ಆಮೇಲೆ ಎಲ್ಲವೂ ನೀಲಿಯಾಗಿ ಕಾಣುತ್ತದೆಂದು ಅವನು ಗೊಣಗಿದ್ದ. ನಾನು ಸಾನಿಕ್ ಬ್ಲೂ ತುಂಡನ್ನು ಜಗಲಿಯ ಬೆಳಕಿನಲ್ಲಿ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಮಳೆ ತೊಳೆದ ಆಕಾಶ. ಎಡಗಣ್ಣಿಗೆ ಎಳೆಯ ಬಾಳೆಯ ಸುರುಳಿ. ಅಂಗಡಿಯವರು ಇಪ್ಪತ್ತು ಮೂವತ್ತು ವರ್ಷದ ನಂತರ ಆಗುತ್ತದೆ ಎನ್ನುವ ಬಣ್ಣ ನನ್ನ ಎಡಗಣ್ಣಿಗೆ ಈಗಲೇ ಕಾಣುತ್ತಿತ್ತು. ಕೆಂಪಿನ ತುಂಡಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಲವತ್ತು ವರ್ಷದ ಕೆಂಪು ಆ ಜಗಲಿಯಲ್ಲಿ ಸದ್ದಿಲ್ಲದೆ ಸೋತಿತು. ಕಾರಣ ಕೇಳಿದರೆ ನೀಲಿ ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ನನ್ನ ಕಣ್ಣೇ ಕೊಟ್ಟದ್ದು ಎನ್ನಬಹುದು. ಅದೂ ಪೂರ್ತಿ ನಿಜವಲ್ಲ, ಒಂದು ಕಣ್ಣು ಆಸ್ಪತ್ರೆ ಕೊಟ್ಟದ್ದು.

ಎರಡು ಕಣ್ಣು, ಎರಡು ಭಾಷೆ ಎಂದು ಹೋಲಿಕೆ ಕೊಡುವ ಜಾಗ ಇದು. ಗಡಿನಾಡಿನ ಭಾಷಣಗಳಲ್ಲಿ ಅದನ್ನು ಸಾಕಷ್ಟು ಕೇಳಿದ್ದೇವೆ, ಇಲ್ಲಿ ಬಿಟ್ಟುಬಿಡುತ್ತೇನೆ.

ನೀಲಿಯೆಂದು ನಿರ್ಧಾರವಾದ ಮೇಲೆ ಲೇಪ ಯಾವುದು ಎಂಬ ಪ್ರಶ್ನೆ ಬಂತು. ವಯಸ್ಸಾಗುವ ಬಣ್ಣ ಬೇಕಾದರೆ ನೈಟ್ರೊಸೆಲ್ಯುಲೋಸ್. ಅದರ ದ್ರಾವಕ ಮೂಗಿಗೆ ತಲೆಗೆ ಏರುವಂಥದ್ದು, ಬೆಂಕಿಗೂ ಬೇಗ ಹಿಡಿಯುತ್ತದೆ. ಎರಡು ದ್ರವ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಗಟ್ಟಿ, ಆದರೆ ಅದರಲ್ಲಿನ ಐಸೊಸಯನೇಟ್ ಬಣ್ಣ ಹೊಡೆಯುವವರಿಗೆ ಉಬ್ಬಸ ತರುತ್ತದೆಂಬುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮೂರನೆಯದು ನೀರಿನಲ್ಲಿ ಬೆರೆಸುವ ಅಕ್ರಿಲಿಕ್ ಲೇಪ. ಇವೆರಡರಷ್ಟು ವಿಷವಲ್ಲ, ಆದರೆ ಹಳದಿಯಾಗುವುದೇ ಇಲ್ಲವೆನ್ನಬಹುದು. ಬಳಿದ ದಿನ ಹೇಗಿತ್ತೋ ನನ್ನ ಮೊಮ್ಮಗಳ ಕಾಲಕ್ಕೂ ಹಾಗೆಯೇ.

ನಾನು ಫೋನಿನಲ್ಲಿ ಕೇಳಿದೆ, ಸ್ಪ್ರೇ ಹೊಡೆಯುವವರು ಯಾರೆಂದು. "ಒಬ್ಬ ಹುಡುಗ ಇದ್ದಾನೆ ಸರ್. ಮಾಸ್ಕ್ ಕೊಟ್ಟಿದ್ದೇನೆ, ಸೆಕೆಗೆ ಕೆಳಗೆ ಎಳೆದುಕೊಳ್ಳುತ್ತಾನೆ" ಎಂದರು. ಅವರ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ನೀರಿನ ಲೇಪವಾದರೆ ಹೆಚ್ಚು ಸಲ ಬಳಿದು ಉಜ್ಜಬೇಕಾಗುತ್ತದೆ, ನಾಲ್ಕು ಸಾವಿರ ಹೆಚ್ಚಾಗುತ್ತದೆ ಎಂದೂ ಹೇಳಿದರು. "ಆದರೆ ಸರ್, ಈ ಬಣ್ಣವನ್ನು ಆರಿಸುವವರೆಲ್ಲ ಅದು ಹಸುರಾಗಲಿ ಎಂದೇ ಆರಿಸುವುದು."

ಸಿಂಪರಣೆ ಎಂಬ ಪದ ನಮ್ಮ ಜಿಲ್ಲೆಯವರಿಗೆ ಬರಿಯ ಪದವಲ್ಲ. ಗೇರು ತೋಟಗಳ ಮೇಲೆ 2000ದ ವರೆಗೂ ವರ್ಷ ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು, ಎಣ್ಮಕಜೆ ಮುಂತಾದ ಕಡೆ ಮನೆಯ ಬಾವಿಗೆ ಅದು ಬಿದ್ದದ್ದನ್ನು ಕಂಡ ಊರು ಇದು. ಒಬ್ಬ ಹುಡುಗ ಸೆಕೆಗೆ ಮಾಸ್ಕ್ ಎಳೆದುಕೊಳ್ಳುವುದನ್ನು ಅದರೊಡನೆ ಹೋಲಿಸಿದರೆ ಅತಿಯಾಯಿತು, ಹೋಲಿಸುವುದಿಲ್ಲ. ಇನ್ನೊಂದು ವಾದವೂ ನ್ಯಾಯವಾದದ್ದೇ: ಅವನು ದಿನಕ್ಕೆ ಐದು ಗಿಟಾರ್‌ಗೆ ಹೊಡೆದರೆ ನನ್ನದೊಂದು ಕಡಿಮೆಯಾದರೆ ಏನಾಯಿತು? ಗರಗಸದ ಧೂಳೂ ಶ್ವಾಸಕೋಶಕ್ಕೆ ಕೆಟ್ಟದ್ದೇ, ಅದಕ್ಕೆ ಏನು ಮಾಡುತ್ತೀಯಾ? ಆದರೆ ಸಾಮಾನ್ಯವಾಗಿ ನಾವು ಕೊಳ್ಳುವ ವಸ್ತುವಿನ ಹಿಂದೆ ಯಾರು ಉಸಿರಾಡಿದರು ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಅಂಗಡಿಯ ಗಾಜಿನ ಹಿಂದೆ ವಸ್ತು ಮಾತ್ರ ಇರುತ್ತದೆ. ಹೇಳಿ ಮಾಡಿಸುವುದರಲ್ಲಿ ಆ ನೆಪ ಸಿಗುವುದಿಲ್ಲ. ನಾನು ಬರೆದ ಪದ ಅವನ ಮೂಗಿಗೆ ಹೋಗುತ್ತದೆ. ನಡುವೆ ಯಾವ ಕಂಪೆನಿಯೂ ಇಲ್ಲ. ಮರಕ್ಕೆ ವಯಸ್ಸಾಗುವ ಚಂದ ನನಗೆ ಬೇಕೆಂದು ಅವನ ಪುಪ್ಪುಸಕ್ಕೆ ವಯಸ್ಸಾಗಿಸುವುದು ಸರಿಯಲ್ಲ ಎಂಬುದನ್ನು ಅಲ್ಲಗಳೆಯುವ ವಾದ ನನಗೆ ಈ ನಲವತ್ತು ದಿನಗಳಲ್ಲಿ ಸಿಗಲಿಲ್ಲ. ಬಣ್ಣಕ್ಕೆ ಕಾರಣವಿಲ್ಲ ಎಂದು ಆರಂಭದಲ್ಲಿ ಹೇಳಿದ್ದೆ. ಬಣ್ಣದ ಹೆಸರಿಗೆ ಇಲ್ಲದಿರಬಹುದು, ಅದರ ಡಬ್ಬಿಗೆ ಇದೆ.

ನಷ್ಟವಿಲ್ಲ ಎಂದು ಹೇಳಲಾರೆ. ನೀಲಿಯನ್ನು ಆರಿಸಿದ್ದೇ ಅದು ಹಸುರಾಗುವ ಗುಣವನ್ನು ನೋಡಿ. ಈಗ ಅದು ಹಸುರಾಗುವುದಿಲ್ಲ. ಬಿಡುವುದರಲ್ಲಿ ಪುಣ್ಯದ ಸುಖವಿದೆ ಎನ್ನುವವರ ಮಾತು ನನ್ನ ಮಟ್ಟಿಗೆ ನಿಜವಾಗಲಿಲ್ಲ. ಎರಡು ದಿನ ಸಿಡುಕಿನಲ್ಲೇ ಇದ್ದೆ. ಮನೆಯವಳು ಕೇಳಿದಳು, "ನಾಲ್ಕು ಸಾವಿರ ಹೋಯಿತೆಂದೋ, ಬಣ್ಣ ಹೋಯಿತೆಂದೋ?" ಬಣ್ಣ ಎಂದೆ. "ಎಡಗಣ್ಣು ಇದೆಯಲ್ಲ" ಎಂದಳು.

ಎಡಗಣ್ಣಿನ ಶಸ್ತ್ರಚಿಕಿತ್ಸೆಗೆ ಡಾಕ್ಟರರು ನವೆಂಬರ್ ತಿಂಗಳು ಹೇಳಿದ್ದಾರೆ. ಮಳೆಗಾಲದಲ್ಲಿ ನೀರಿನ ಲೇಪ ಒಣಗುವುದು ತಡ, ಆದುದರಿಂದ ಗಿಟಾರ್ ಅಕ್ಟೋಬರ್ ಕೊನೆಗೆ ಸಿಗಬಹುದೆಂದು ಬೆಂಗಳೂರಿನಿಂದ ಬರೆದಿದ್ದಾರೆ. ಡಾಕ್ಟರರಲ್ಲಿ ಕೇಳಿ ಶಸ್ತ್ರಚಿಕಿತ್ಸೆಯನ್ನು ಡಿಸೆಂಬರಿಗೆ ಹಾಕಿಸಿಕೊಂಡಿದ್ದೇನೆ.